ರಜೆ ಸಿಕ್ಕಿದ್ದು ದಣಿಯದವರಿಗೆ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಡಾಕ್ಟರಮ್ಮನ ಯಜಮಾನರು ಕೃಷ್ಣರಾಜ ಮಾಮಾ, ಮಗಳು ಭಾವನಾ ಅಕ್ಕ — ನಿಮಗೆ ಮೊದಲ ನಮಸ್ಕಾರ. ನಮ್ಮ ಕನ್ನಡ ಸಂಘದ ಹಿರಿಯರಿಗೆ, ಸಂಘವೇ ನಡೆಸುವ ಕೆಳಗಿನ ಕ್ಲಿನಿಕ್ಕಿನ ಸಿಸ್ಟರ್‌ಗಳಿಗೆ, ಶುಕ್ರವಾರದ ಸಂತೆಯಲ್ಲಿ ಅಂಗಡಿಯನ್ನು ಯಾರಿಗೋ ನೋಡಿಕೊಳ್ಳಲು ಹೇಳಿ ಮೆಟ್ಟಿಲು ಹತ್ತಿ ಬಂದಿರುವ ಪೇಷಂಟ್‌ಗಳಿಗೆ — ಎಲ್ಲರಿಗೂ ನಮಸ್ಕಾರ. ಕನ್ನಡ ಬಾರದವರು ದಯವಿಟ್ಟು ಪಕ್ಕದವರನ್ನು ಕೇಳಿಕೊಳ್ಳಿ. ನನಗೂ ಅದು ಸಲೀಸಾಗಿ ಬರುವುದಿಲ್ಲ. ಐದನೇ ವಯಸ್ಸಿನಿಂದ ಏರ್ಕಾಡಿನ ಹಾಸ್ಟೆಲ್‌ನಲ್ಲಿ ಬೆಳೆದವನು ನಾನು. ಕನ್ನಡದಲ್ಲಿ ಊಟ ಕೇಳಬಲ್ಲೆ, ಜಗಳ ಆಡಬಲ್ಲೆ. ಶ್ರದ್ಧಾಂಜಲಿ ಇದೇ ಮೊದಲು. ಅದಕ್ಕೇ ಬರೆದುಕೊಂಡು ಬಂದಿದ್ದೇನೆ. ಮೈಕ್ ಕೆಟ್ಟಿಲ್ಲ, ಆ ಪರಪರ ಸದ್ದು ಈ ಹಾಳೆಯದು.

ನನ್ನ ಹೆಸರು ಶಿವರಂಜನ್. ಪೋರೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ, ಮೊದಲ ವರ್ಷ. ಅದಕ್ಕೂ ಮುಂಚೆ ಎರಡು ವರ್ಷ ಅಲ್ಲೇ ಪ್ರಾಜೆಕ್ಟ್ ಅಸಿಸ್ಟೆಂಟ್. ಮರೆವಿನ ಕಾಯಿಲೆಗಳ ಅಧ್ಯಯನಕ್ಕೆ ಒಪ್ಪಿಕೊಂಡ ಹಿರಿಯರ ರಕ್ತ ತೆಗೆದುಕೊಂಡು, ಅವರ ನೆನಪಿನ ಪರೀಕ್ಷೆ ಮಾಡಲು ಶನಿವಾರ ಶನಿವಾರ ಈ ಪಲ್ಲಾವರಂ ಕ್ಲಿನಿಕ್ಕಿಗೆ ಬರುತ್ತಿದ್ದೆ. ಡಾಕ್ಟರಮ್ಮನ ಕೋಣೆಗೂ ನನ್ನ ಮೇಜಿಗೂ ನಡುವೆ ಒಂದು ಪರದೆ. ಸಹೋದ್ಯೋಗಿ ಅಂತ ನನ್ನನ್ನು ಕರೆದಿದ್ದಾರೆ, ಅದು ದೊಡ್ಡ ಮಾತು. ನಾನು ಪರದೆಯ ಈಚೆ ಕಡೆಯವನು, ಅಷ್ಟೆ.

ನಿಜ ಹೇಳುತ್ತೇನೆ. ಇಲ್ಲಿ ನಿಂತು ಮಾತಾಡಬೇಕಾಗಿದ್ದವನು ನಾನಲ್ಲ. ಸಂಘದವರು ಮೊದಲು ಕೇಳಿದ್ದು ಡಾಕ್ಟರಮ್ಮನ ಕೈಕೆಳಗೆ, ಪಕ್ಕದ ಕೋಣೆಯಲ್ಲಿ ಕೆಲಸ ಮಾಡಿದ ಡಾಕ್ಟರ್ ಅಶ್ವಿತಾ ಅವರನ್ನು. ಅವರು ಒಲ್ಲೆ ಎಂದು ಕೊನೆಯ ಸಾಲಿನಲ್ಲಿ ಕುಳಿತಿದ್ದಾರೆ. ನಾನು ಎರಡನೆಯವನು. ಡಾಕ್ಟರಮ್ಮನ ವಿಷಯದಲ್ಲಿ ನಾನು ಯಾವಾಗಲೂ ಎರಡನೆಯವನೇ.

ಇನ್ನೊಂದು ವಿಷಯ. ಒಳಗೆ ಬರುವಾಗ ಬಾಗಿಲಲ್ಲಿ ನಮ್ಮ ಕಾರ್ಯದರ್ಶಿ ವಿಷ್ಣುತೀರ್ಥ ಮಾಮಾ ನನ್ನ ಭುಜದ ಮೇಲೆ ಕೈ ಹಾಕಿ ಒಂದು ಕೆಲಸ ಒಪ್ಪಿಸಿದರು. "ಅಶ್ವಿತಾ ರಿಸೈನ್ ಮಾಡ್ಬಿಟ್ಟಿದಾಳಪ್ಪ. ಹೋಗ್ಬೇಡಿ ಅಂತ ನೀನು ಮೈಕಲ್ಲಿ ಕೇಳ್ಬಿಡು, ಇಷ್ಟು ಜನರ ಪರವಾಗಿ, ಡಾಕ್ಟರಮ್ಮನ ಫೋಟೋ ಮುಂದೆ. ಸಭೇಲಿ ಅವಳು ಆಗಲ್ಲ ಅನ್ನೋಕಾಗಲ್ಲ."

ಮಾಮಾ, ಸಾರಿ, ಹೇಳಿಬಿಟ್ಟೆ. ಕೂತ್ಕೊಳ್ಳಿ, ಪ್ಲೀಸ್. ನಾನು ಕೇಳುವುದಿಲ್ಲ ಎಂದು ಹೇಳಿಲ್ಲ. ಕೇಳುತ್ತೇನೋ ಇಲ್ಲವೋ — ಈ ಹಾಳೆಯಲ್ಲಿ ಅದನ್ನು ಬರೆದುಕೊಂಡಿಲ್ಲ. ಕೇಳಿದರೆ ಕ್ಲಿನಿಕ್ ಉಳಿಯುತ್ತದೆ. ಕೇಳದಿದ್ದರೆ ಬರುವ ತಿಂಗಳಿಂದ ಕೆಳಗಿನ ಬಾಗಿಲು ತೆರೆಯುವವರಿಲ್ಲ. ಇಷ್ಟು ನಿಮಗೂ ಗೊತ್ತಿರಲಿ. ಗೊತ್ತಿಲ್ಲದೆ ನನ್ನ ಮಾತು ಕೇಳಬೇಡಿ.

ಈಗ ಡಾಕ್ಟರಮ್ಮನ ವಿಷಯ.

ಡಾಕ್ಟರ್ ಕೌಸಲ್ಯಾ ಅವರು ಈ ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷ ಕುಳಿತವರು. ನಿಮಗೆ ಮೂವತ್ತು ವರ್ಷ ಸಿಕ್ಕಿದರು. ಸಂತೆಯ ಹಳೇ ಕುರ್ಚಿ ವ್ಯಾಪಾರಿಗೆ ಮೂವತ್ತು ವರ್ಷ, ಅವರ ಮಕ್ಕಳಿಗೆ, ಮಕ್ಕಳ ಕೆಮ್ಮಿಗೆ ಕೂಡ. ನನಗೆ ಸಿಕ್ಕಿದ್ದು ಕೆಲವೇ ತಿಂಗಳು. ಆಮೇಲೂ ಅವರು ಇದ್ದರು, ಆದರೆ ಅವರು ಅವರಾಗಿರಲಿಲ್ಲ. ನೀವು ಒಬ್ಬೊಬ್ಬರೂ ಈ ಮೈಕ್ ಹಿಡಿದು, ನನ್ನ ಹೆರಿಗೆಯಲ್ಲಿ ಹೀಗೆ ಮಾಡಿದರು, ನಮ್ಮಪ್ಪನಿಗೆ ಹೀಗೆ ಹೇಳಿದರು ಎಂದಾಗ ನಾನು ಅಲ್ಲಿ ಗೋಡೆಗೆ ಒರಗಿ ಏನು ಮಾಡುತ್ತಿದ್ದೆ ಗೊತ್ತೇ? ಹೊಟ್ಟೆಕಿಚ್ಚು ಪಡುತ್ತಿದ್ದೆ.

ನಗಬೇಡಿ. ಸರಿ, ನಗಿ. ನಮ್ಮಪ್ಪ ಮುರಿಗೆಪ್ಪನವರು ಇಲ್ಲೇ ಇದ್ದಾರೆ, ಸೌಕಾರ್‌ಪೇಟೆಯ ಬಟ್ಟೆ ಅಂಗಡಿ ಬಿಟ್ಟು ಬಂದಿದ್ದಾರೆ. ಬೆಳಗ್ಗೆ ಅವರಿಗೆ ಹೇಳಿದೆ, "ಅಪ್ಪಾ, ನನಗೆ ಆ ಸಭೆಯಲ್ಲಿ ದುಃಖಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಗುತ್ತೆ, ನಾನು ಹೋಗಲ್ಲ." ಅವರಂದರು, "ಹೊಟ್ಟೆಕಿಚ್ಚ ಪಡಾವಿದ್ರ ಎದುರಿಗಿ ನಿಂತ ಪಡಲೇ. ಹಿಂದ ನಿಂತ ಪಟ್ರ ಅದು ಚಾಡಿ ಆಗ್ತೈತಿ." ಅದಕ್ಕೇ ಎದುರಿಗೆ ನಿಂತಿದ್ದೇನೆ.

ಭಾವನಾ ಅಕ್ಕ ನೆನ್ನೆ ನನಗೆ ಹೇಳಿದರು — "ನಿಂಗೇನೋ ಕೆಲವು ತಿಂಗಳು ಪರದೆ ಆಚೆಯಿಂದಾದ್ರೂ ಸಿಕ್ಕಿದ್ರು. ನಾನು ಚಿಕ್ಕವಳಿದ್ದಾಗ ಅಮ್ಮನ್ನ ಮಾತಾಡಿಸ್ಬೇಕಂದ್ರೆ ಟೋಕನ್ ತಗೊಂಡು ಬೆಂಚಲ್ಲಿ ಕೂತ್ಕೊತಿದ್ದೆ. ನನ್ನ ನಂಬರ್ ಬಂದ್ರೆ ಏನಮ್ಮಾ ಜ್ವರಾನಾ ಅಂತಿದ್ರು." ಅಕ್ಕಾ, ಆ ಟೋಕನ್ ಮೇಲೂ ನನಗೆ ಕಣ್ಣಿದೆ.

ಡಾಕ್ಟರಮ್ಮ ನನ್ನನ್ನು ತಮಿಳಿನಲ್ಲಿ ತಂಬಿ, ಅಂದರೆ ತಮ್ಮ, ಎಂದು ಕರೆಯುತ್ತಿದ್ದರು. ನನಗೆ ಬಹಳ ಸಂತೋಷವಾಗಿತ್ತು. ಆಮೇಲೆ ಗಮನಿಸಿದೆ — ಆಟೋದವರೂ ತಂಬಿ, ಔಷಧಿ ಕಂಪನಿಯ ರೆಪ್ಪೂ ತಂಬಿ, ನೀರಿನ ಕ್ಯಾನ್ ತರುವವನೂ ತಂಬಿ. ಅಶ್ವಿತಾ ಅವರನ್ನು ಮಾತ್ರ, ಹೆತ್ತ ಮಗುವನ್ನು ಮುದ್ದಿಸುವ ಹಾಗೆ, "ಕಣ್ಣಾ" ಎನ್ನುತ್ತಿದ್ದರು. ಕಣ್ಣಾ, ಈ ಇಸಿಜಿ ನೋಡು. ಕಣ್ಣಾ, ತಿಂಡಿ ತಿಂದ್ಯಾ? ಇಡೀ ಪಲ್ಲಾವರಂನಲ್ಲಿ ಬೇರೆ ಯಾರನ್ನೂ ಹಾಗೆ ಕರೆದದ್ದನ್ನು ನಾನು ಕೇಳಲಿಲ್ಲ. ಕಿವಿಗೊಟ್ಟು ಕಾದಿದ್ದೆ, ಕೇಳಲಿಲ್ಲ.

ಅವರ ಕೆಲಸದ ರೀತಿ ನಿಮಗೆಲ್ಲ ಗೊತ್ತು. ಆದರೂ ಹೇಳುತ್ತೇನೆ, ಗೊತ್ತಿರುವುದನ್ನೇ ಹೇಳುವುದು ತಾನೇ ಇವತ್ತಿನ ಕೆಲಸ? ನೀವು ಹೋಗಿ ಕೂರುತ್ತೀರಿ. ಮಂಡಿನೋವು ಅನ್ನುತ್ತೀರಿ. ಅವರು ನೋಡುತ್ತಾರೆ, ಬರೆಯುತ್ತಾರೆ, ಚೀಟಿ ಕೊಡುತ್ತಾರೆ. ನೀವು ಏಳುತ್ತೀರಿ, ಪರದೆಗೆ ಕೈ ಹಾಕುತ್ತೀರಿ. ಆಗ ಅವರು ಪೆನ್ನಿನ ಮುಚ್ಚಳ ಹಾಕುತ್ತಾರೆ — ಟಕ್ — "ಕೂತ್ಕೊ. ಈಗ ಹೇಳು."

ಮೊದಲು ಹೇಳುವುದು ಕಾಯಿಲೆ, ಹೊರಡುವಾಗ ಹೇಳುವುದು ಕಾರಣ ಎನ್ನುತ್ತಿದ್ದರು. ಇಲ್ಲಿ ಮಲ್ಲಿಗೆ ಕಟ್ಟುವ ಒಬ್ಬ ಅಮ್ಮ ಇದ್ದಾರೆ, ಹೆಸರು ಹೇಳುವುದಿಲ್ಲ. ಅವರು ಮತ್ತೆ ಮತ್ತೆ ಮಂಡಿನೋವಿಗೆಂದೇ ಬಂದರು. ಒಂದು ಶನಿವಾರ ಮುಚ್ಚಳದ ಟಕ್ ಸದ್ದಾದ ಮೇಲೆ ಅಳು ಕೇಳಿಸಿತು. ಅವರ ಗಂಡ ಮಾರುಕಟ್ಟೆಯಿಂದ ಮನೆಗೆ ದಾರಿ ತಪ್ಪುತ್ತಿದ್ದಾರೆ, ಅವರನ್ನು ಹುಡುಕಿ ನಡೆದೂ ನಡೆದೂ ಮಂಡಿ ಹೋಗಿದೆ. ಅಷ್ಟು ತಿಂಗಳ ಮಂಡಿನೋವಿನ ಒಳಗೆ ಆ ಗಂಡ ಇದ್ದರು!

ಈ ವಿದ್ಯೆ ಅಶ್ವಿತಾ ಅವರಿಗೆ ಬಂತು. ಪಕ್ಕದ ಕೋಣೆಯಿಂದಲೂ ಅದೇ ಟಕ್ ಕೇಳಿಸತೊಡಗಿತು. ನಾನೂ ಬಿಡಲಿಲ್ಲ. ನನ್ನ ಪರೀಕ್ಷೆಗೆ ಬಂದ ಒಬ್ಬ ತಾತನಿಗೆ, ಎಲ್ಲ ಮುಗಿದ ಮೇಲೆ, ಪೆನ್ನಿಗೆ ಮುಚ್ಚಳ ಹಾಕಿ, "ತಾತಾ, ಈಗ ಹೇಳಿ" ಅಂದೆ. ತಾತ ನನ್ನ ಮೇಜಿನ ಮೇಲೆಲ್ಲ ಕಣ್ಣಾಡಿಸಿದರು. "ಎಲ್ಲಾ ಹೇಳ್ಬಿಟ್ಟೆನಲ್ಲಪ್ಪಾ. ಬಿಸ್ಕೆಟ್ ಕೊಡ್ತೀವಿ ಅಂದಿದ್ರಿ, ಅದೆಲ್ಲಿ?" ಪರದೆಯ ಆಚೆ ಡಾಕ್ಟರಮ್ಮ ನಕ್ಕಿದ್ದು ಕೇಳಿಸಿತು. ಅಶ್ವಿತಾ ನಕ್ಕಿದ್ದೂ ಕೇಳಿಸಿತು. ಇಬ್ಬರೂ ಒಟ್ಟಿಗೆ ನಕ್ಕರು — ನನಗೆ ಅದೇ ಚುಚ್ಚಿದ್ದು.

— ಮೇಲಿನ ವಿಮಾನದ ಸದ್ದು ಹೋಗಲಿ. —

ಹಾಂ. ಒಂದು ಸಲ ಮಾತ್ರ ಡಾಕ್ಟರಮ್ಮ ನನಗೆ, ನನ್ನೊಬ್ಬನಿಗೆ, ಪೂರ್ತಿ ಸಿಕ್ಕಿದರು. ಪೇಷಂಟ್‌ಗಳೆಲ್ಲ ಮುಗಿದಿದ್ದರು, ಅಶ್ವಿತಾ ರಜೆಯಲ್ಲಿದ್ದರು. ನನ್ನ ಮೇಜಿನ ಮುಂದೆ ಪೇಷಂಟ್ ಸ್ಟೂಲ್ ಎಳೆದುಕೊಂಡು ಕೂತರು. "ತಂಬೀ, ಇಷ್ಟು ಜನರ ರಕ್ತ ತಗೊಂಡು ಹೋಗ್ತಿಯಲ್ಲ, ಏನ್ ಹುಡುಕ್ತೀರಿ ಅದ್ರಲ್ಲಿ?"

ನಾನು ಹೇಳಿದೆ. ನಮ್ಮ ಡಿಎನ್‌ಎಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಒಂದು ಕಾಲಕ್ಕೆ ಜಾಗದಿಂದ ಜಾಗಕ್ಕೆ ಹಾರಿದ ತುಣುಕುಗಳೇ. ಜಿಗಿಯುವ ಜೀನ್ ಎನ್ನುತ್ತೇವೆ. ಬಹುಪಾಲು ಈಗ ಸತ್ತಂತೆ ಬಿದ್ದಿವೆ. ಕೆಲವಕ್ಕೆ ಇನ್ನೂ ಉಸಿರಿದೆ — ತಮ್ಮದೇ ನಕಲು ಮಾಡಿಕೊಂಡು ಬೇರೆ ಕಡೆ ಹೋಗಿ ಸೇರಿಕೊಳ್ಳಬಲ್ಲವು.

"ಅಂದ್ರೆ ನಮ್ಮನೆಯವರ ಹಾಗೆ," ಅಂದರು. "ನಮ್ಮ ಮುತ್ತಾತ ತಂಜಾವೂರಿಂದ ಮೈಲಾಪುರಕ್ಕೆ ಯಾರದೋ ಉಪನಯನಕ್ಕೆ ಅಂತ ಬಂದವರು. ಇನ್ನೂ ವಾಪಸ್ ಹೋಗಿಲ್ಲ. ಸರಿ, ಗಲಾಟೆ ಮಾಡ್ತಾವಾ ಅವು?"

"ಮಾಡದ ಹಾಗೆ ಕಾಯೋ ಪ್ರೋಟೀನ್‌ಗಳಿವೆ, ಡಾಕ್ಟರಮ್ಮ. ಅದರಲ್ಲಿ ಒಂದು, ಕೆಲವು ಮಿದುಳಿನ ಕಾಯಿಲೆಗಳಲ್ಲಿ, ತನ್ನ ಜಾಗ ಬಿಟ್ಟು ಹೊರಗೆ ಬಂದು ಗುಂಪು ಕಟ್ಟುತ್ತೆ. ಆಗ ಮಲಗಿದ್ದವು ಎದ್ದುಬಿಡ್ತಾವೆ ಅಂತ ಕಾಣುತ್ತೆ. ಅದರಿಂದ ನರಕೋಶ ಸಾಯುತ್ತೋ, ಸಾಯ್ತಿರೋದರಿಂದ ಅವು ಏಳ್ತಾವೋ, ಇನ್ನೂ ಗೊತ್ತಿಲ್ಲ."

"ವಾಚ್‌ಮನ್ ಟೀಗೆ ಹೋದ ಹಾಗೆ."

"ಹೂಂ."

"ಯಾಕಪ್ಪಾ ಹೋದೆ ಅಂತ ಅವನನ್ನ ಕೇಳಿದ್ರಾ? ಪಾಪ, ಎಷ್ಟು ಹೊತ್ತಿಂದ ನಿಂತಿದ್ನೋ."

ನನ್ನ ಗೈಡ್ ಸಹ ಆ ಪ್ರಶ್ನೆಯನ್ನು ಹಾಗೆ ಕೇಳಿಲ್ಲ. ಅವತ್ತು ಬಸ್ಸಿನಲ್ಲಿ ನಿಂತುಕೊಂಡು ಪೋರೂರಿಗೆ ಹೋಗುವಾಗ ಸೀಟು ಸಿಗದಿದ್ದದ್ದೂ ಗೊತ್ತಾಗಲಿಲ್ಲ. ಸೋಮವಾರ ಅಶ್ವಿತಾ ವಾಪಸ್ ಬಂದರು, ಡಾಕ್ಟರಮ್ಮ ಅವರಿಗೆ ಆ ವಾಚ್‌ಮನ್ ಕತೆಯನ್ನೆಲ್ಲ ಹೇಳಿದರಂತೆ. ನನಗೊಬ್ಬನಿಗೆ ಎಂದು ಇಟ್ಟುಕೊಂಡಿದ್ದ ಒಂದೇ ಒಂದು ಮಾತು, ಅದೂ ಹಂಚಿಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ ಪೆನ್ನಿನ ಸದ್ದು ನಿಂತಿತು.

ಮೊದಲು ನಿಂತದ್ದು ಅದು. ಆಮೇಲೆ, ನೀವು ಮಾತಾಡುತ್ತಿರುವಾಗಲೇ ಅವರು ಗಂಟೆ ಒತ್ತತೊಡಗಿದರು. ಮುಂದಿನವರು ಬರಲಿ ಎಂದು. ನಿಮ್ಮಲ್ಲಿ ಕೆಲವರಿಗೆ ನೆನಪಿದೆ, ತಲೆ ಆಡಿಸುತ್ತಿದ್ದೀರಿ. ಒಬ್ಬರು ತಮ್ಮ ತಂಗಿ ತೀರಿಹೋದದ್ದನ್ನು ಹೇಳುತ್ತಿದ್ದರೆ, "ಸರಿ, ಅವಳ ಮಾತ್ರೆ ಉಳಿದಿದ್ರೆ ವಾಪಸ್ ಕೊಡಿ" ಅಂದರು. ನಗುಮುಖದಲ್ಲೇ ಅಂದರು.

ನಾವೆಲ್ಲ ಒಂದೇ ಮಾತು ಹೇಳಿದೆವು. ಬರ್ನ್ಔಟ್. ಮೂವತ್ತು ವರ್ಷ ಬೆಳಗ್ಗೆ ಸಂಜೆ ಜನ, ಜನ, ಜನ — ಮನಸ್ಸು ಬತ್ತಿಹೋಗದೆ ಇರುತ್ತದೆಯೇ? ಸಂಘಕ್ಕೆ ನಿಜವಾಗಿ ಕಾಳಜಿ ಇತ್ತು. ವಿಷ್ಣುತೀರ್ಥ ಮಾಮಾ ಓಡಾಡಿ ಇದೇ ಹಾಲಿನಲ್ಲಿ ವೈದ್ಯರ ದಣಿವಿನ ಬಗ್ಗೆ ಒಂದು ದಿನದ ವರ್ಕ್‌ಶಾಪ್ ಇಡಿಸಿದರು. ಅಡ್ಯಾರಿನಿಂದ ಒಬ್ಬರು ಕೌನ್ಸೆಲರ್ ಬಂದರು. ಸಿಸ್ಟರ್‌ಗಳು ಬಂದರು, ಫಾರ್ಮಸಿಯವರು ಬಂದರು, ನನ್ನನ್ನೂ ಕರೆದರು. ಕೌನ್ಸೆಲರ್ ಕೇಳಿದರು, "ಡಾಕ್ಟರ್, ಇತ್ತೀಚೆಗೆ ಪೇಷಂಟ್‌ಗಳ ಬಗ್ಗೆ ಏನೂ ಅನ್ನಿಸದೆ ಹೋಗಿದೆಯಾ?" ಡಾಕ್ಟರಮ್ಮ ಕೂಡಲೇ ಅಂದರು, "ಹೌದು. ಏನೂ ಅನ್ಸಲ್ಲ." "ಅದರಿಂದ ಬೇಜಾರಾಗುತ್ತಾ?" "ಇಲ್ಲ. ಯಾಕಾಗ್ಬೇಕು?" ಕೌನ್ಸೆಲರ್ ನಮ್ಮ ಕಡೆ ತಿರುಗಿ, ನೋಡಿ, ಇದೇ ಅದು ಅಂದರು. ನಾವೆಲ್ಲ ತಲೆದೂಗಿದೆವು. ಡಾಕ್ಟರಮ್ಮ ಪಕ್ಕದವರ ಪ್ಲೇಟಿನಿಂದ ಕೇಸರಿಬಾತು ತೆಗೆದುಕೊಂಡು ತಿಂದರು.

ಆ ವರ್ಕ್‌ಶಾಪಿಗೆ ಬಾರದೆ ಇದ್ದವರು ಒಬ್ಬರೇ. ಡಾಕ್ಟರ್ ಅಶ್ವಿತಾ. ಯಾಕೆಂದರೆ ಕೆಳಗೆ ಪೇಷಂಟ್‌ಗಳನ್ನು ಯಾರಾದರೂ ನೋಡಬೇಕಿತ್ತಲ್ಲ.

ಡಾಕ್ಟರಮ್ಮನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೊಡೈಕನಾಲಿಗೆ ಕಳುಹಿಸಿದೆವು. ಒಂದು ತಿಂಗಳ ವಿಶ್ರಾಂತಿ. ಅವರ ಪೇಷಂಟ್‌ಗಳೆಲ್ಲ ಪಕ್ಕದ ಕೋಣೆಗೆ ಹೋದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಬೆಂಚನ್ನು ಸ್ವಲ್ಪ ಆ ಕಡೆ ಎಳೆದರೆ ಸಾಕಾಯಿತು.

ಕೊಡೈಕನಾಲಿನಲ್ಲಿ ಒಂದು ಏಕಾದಶಿ ಬಂತು. ಕೃಷ್ಣರಾಜ ಮಾಮಾ, ಇದನ್ನು ಹೇಳಲು ನೀವು ಒಪ್ಪಿದ್ದೀರಿ. ಡಾಕ್ಟರಮ್ಮನ ಏಕಾದಶಿ ಎಂದರೆ ನೀರೂ ಇಲ್ಲ. ತಾವು ನೀರೂ ಇಲ್ಲದೆ ಕೂತು, ಪೇಷಂಟ್‌ಗಳಿಗೆ ನೀರು ಕುಡಿಯಿರಿ ನೀರು ಕುಡಿಯಿರಿ ಎಂದು ಇಡೀ ದಿನ ಹೇಳುತ್ತಿದ್ದರು. ಆ ಏಕಾದಶಿಯ ಬೆಳಗ್ಗೆ ಮಾಮಾ ಸ್ನಾನ ಮಾಡಿ ಬಂದು ನೋಡಿದರೆ, ಯಾರೋ ಕೊಟ್ಟಿದ್ದ ಮೈಸೂರು ಪಾಕಿನ ಡಬ್ಬ ಮಡಿಲಲ್ಲಿಟ್ಟುಕೊಂಡು ತಿನ್ನುತ್ತಿದ್ದಾರೆ. "ಇವತ್ತು ಏಕಾದಶಿ ಕಣೇ," ಅಂದರೆ, "ಹೌದಾ," ಅಂದು ಇನ್ನೊಂದು ತೆಗೆದುಕೊಂಡರು. ಮಾಮಾ ನನಗೆ ಹೇಳಿದ್ದು ಹೀಗೆ — "ನಂಗೆ ಭಯ ಆಗ್ಲಿಲ್ಲಪ್ಪ. ಸಮಾಧಾನ ಆಯ್ತು. ಅಂತೂ ತನ್ನ ದೇಹಾನ ಕಾಡಿಸೋದು ಬಿಟ್ಲಲ್ಲ, ರೆಸ್ಟ್ ತಗೊಳ್ತಿದಾಳೆ ಅಂದ್ಕೊಂಡೆ."

ವಾಪಸ್ ಬಂದ ಮೇಲೆ ಮಾಮಾ ಈ ಮಾತನ್ನು ನಮ್ಮೆಲ್ಲರ ಮುಂದೆ ತಮಾಷೆಯಾಗಿ ಹೇಳಿದರು. ಎಲ್ಲರೂ ನಕ್ಕೆವು. ಅಶ್ವಿತಾ ನಗಲಿಲ್ಲ. ನನ್ನನ್ನು ಫಾರ್ಮಸಿಯ ಹಿಂದೆ ಕರೆದುಕೊಂಡು ಹೋದರು.

"ಶಿವಾ, ಇದು ಬರ್ನ್ಔಟ್ ಅಲ್ಲ ಕಣೋ."

"ಕೌನ್ಸೆಲರ್ ಹೇಳಿದ್ರಲ್ಲ."

"ಕೌನ್ಸೆಲರ್‌ಗೆ ಏನ್ ಗೊತ್ತು? ಟಯರ್ಡ್ ಆದವರು ಅಳ್ತಾರೆ. ಇಲ್ಲಾ ಕಿರಿಚ್ತಾರೆ. ಮನೆಗೆ ಹೋಗಿ, ಛೆ, ಆಯಮ್ಮನ್ನ ಹಾಗೆ ಕಳಿಸ್ಬಿಟ್ನಲ್ಲಾ ಅಂತ ನಿದ್ದೆ ಮಾಡಲ್ಲ. ಅಮ್ಮನಿಗೆ ಅದ್ಯಾವುದೂ ಇಲ್ಲ. ಶೀ ಈಸ್ ನಾಟ್ ಟಯರ್ಡ್. ಟಯರ್ಡ್ ಅಂದ್ರೆ ಹೇಗಿರುತ್ತೆ ಅಂತ ನಂಗೆ ಗೊತ್ತು."

ಸ್ಕ್ಯಾನ್ ಆಯಿತು. ಮಿದುಳಿನ ಮುಂಭಾಗ, ಪಕ್ಕದ ಭಾಗ, ಸವೆದಿತ್ತು. ಇದೂ ಮರೆವಿನ ಕಾಯಿಲೆಗಳ ಸಾಲಿಗೇ ಸೇರಿದ್ದು, ಆದರೆ ಇದರಲ್ಲಿ ಮೊದಲು ಹೋಗುವುದು ನೆನಪಲ್ಲ. ಇನ್ನೊಬ್ಬರ ನೋವು ತನಗೆ ತಾಗುವ ಗುಣ ಹೋಗುತ್ತದೆ. ಸಿಹಿಯ ಮೇಲೆ ಆಸೆ ಬರುತ್ತದೆ. ಆಮೇಲೆ ಕೆಲವರಿಗೆ, ನಮ್ಮ ಡಾಕ್ಟರಮ್ಮನಿಗೆ ಬಂದ ಹಾಗೆ, ಕೈಯ ಬಲ, ನಾಲಿಗೆಯ ಬಲ, ನುಂಗುವ ಬಲ ಹೋಗುತ್ತದೆ. ವಂಶದಿಂದ ಬಂದದ್ದಕ್ಕೆ ಪರೀಕ್ಷೆಯಲ್ಲಿ ಯಾವ ಗುರುತೂ ಸಿಗಲಿಲ್ಲ. ಯಾಕೆ ಬಂತು ಎಂದು ಕೇಳಿದರೆ — ನಾನು ಅದೇ ಕಾಯಿಲೆಯನ್ನು, ಅದೇ ಪ್ರೋಟೀನನ್ನು, ಅದೇ ಜಿಗಿಯುವ ಜೀನುಗಳನ್ನು ಓದುತ್ತಿರುವವನು — ನನಗೆ ಗೊತ್ತಿಲ್ಲ. ನಮ್ಮ ಲ್ಯಾಬಿಗೆ ಗೊತ್ತಿಲ್ಲ. ಗೊತ್ತಾಗುವವರೆಗೂ ಓದುತ್ತೇವೆ ಎಂದಷ್ಟೇ ಹೇಳಬಲ್ಲೆ.

ನೋಡಿ, ಇಲ್ಲೂ ನನ್ನ ಹೊಟ್ಟೆಕಿಚ್ಚು. ಲ್ಯಾಬಿನಲ್ಲಿ ಲಕ್ಷಗಟ್ಟಲೆ ಬೆಲೆಯ ಯಂತ್ರ. ನನ್ನ ಕಂಪ್ಯೂಟರಿನಲ್ಲಿ ಈ ಕಾಯಿಲೆಯ ಮೇಲೆ ಬಂದ ಲೇಖನಗಳ ರಾಶಿ. ಅಶ್ವಿತಾಗೆ ಸಾಕಾದದ್ದು ಒಂದು ಮೈಸೂರು ಪಾಕು. ಡಾಕ್ಟರಮ್ಮನ ನೋಡುವ ಕಣ್ಣು ಅವರಿಗೇ ಬಂದಿತ್ತು. ಕಣ್ಣಾ ಎಂದು ಅವರನ್ನು ಸುಮ್ಮನೆ ಕರೆದಿರಲಿಲ್ಲ.

ಕಾಯಿಲೆ ಬೆಳೆಯಿತು. ಅಶ್ವಿತಾ ಕ್ಲಿನಿಕ್ ತೆರೆಯುವ ಮೊದಲು ಅವರ ಮನೆಗೆ ಹೋಗಿ, ರಾಗಿ ಗಂಜಿಯನ್ನು ಗಂಟಲಿಗೆ ಸಿಕ್ಕಿಕೊಳ್ಳದ ಹದಕ್ಕೆ ತಂದು, ಚಮಚದಲ್ಲಿ ಕೊಡುತ್ತಿದ್ದರು. ನಾನೂ ಭಾನುವಾರ ಹೋಗತೊಡಗಿದೆ. ಇಲ್ಲಾದರೂ ಸಮ ಬರೋಣ ಎಂದು. ಒಂದು ಭಾನುವಾರ ಇಬ್ಬರೂ ಒಟ್ಟಿಗೆ ಸಿಕ್ಕೆವು. ಡಾಕ್ಟರಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು. ಇಬ್ಬರನ್ನೂ ಒಂದೇ ರೀತಿ ನೋಡಿದರು — ಗೋಡೆ ನೋಡಿದ ಹಾಗೆ. ಕಣ್ಣಾ ಇಲ್ಲ, ತಂಬಿಯೂ ಇಲ್ಲ. ಅಷ್ಟು ದಿನ ನಾನು ಆಸೆಪಟ್ಟ ಸಮಪಾಲು ಅವತ್ತು ಸಿಕ್ಕಿತು.

— ಒಂದು ನಿಮಿಷ. ನೀರು. ಥ್ಯಾಂಕ್ಸ್, ಸಿಸ್ಟರ್. —

ನನಗೆ ಅದು ಬೇಡವಾಗಿತ್ತು. ಅವರನ್ನು ಕಣ್ಣಾ ಎಂದು ಕರೆಯಲಿ, ನನ್ನನ್ನು ಆಟೋದವರ ಜೊತೆ ನಿಲ್ಲಿಸಲಿ, ಹೊಟ್ಟೆ ಉರಿಯಲಿ — ಅದೇ ಬೇಕಾಗಿತ್ತು. ಅಶ್ವಿತಾ ಏನೂ ಆಗದವರ ಹಾಗೆ ಇನ್ನೊಂದು ಚಮಚ ಗಂಜಿ ಕೊಟ್ಟು, ಬಾಯಿ ಒರೆಸಿ, ಗಡಿಯಾರ ನೋಡಿ, "ಅಮ್ಮಾ, ಭಾನುವಾರದ ಬಿಪಿ ಕ್ಯಾಂಪ್ ಇದೆ, ಬರ್ಲಾ," ಎಂದು ಹೊರಟರು. ತಮ್ಮ ಗುರುತು ಹಿಡಿಯದವರ ಹತ್ತಿರವೂ ಅಪ್ಪಣೆ ಕೇಳಿ ಹೊರಟರು. ಅದಕ್ಕೂ ನಾನು ಕರುಬಿದೆ.

ಈಗ, ವಿಷ್ಣುತೀರ್ಥ ಮಾಮಾ, ನೀವು ಒಪ್ಪಿಸಿದ ಕೆಲಸ.

ಅಶ್ವಿತಾ ಅವರು ದುಬೈಗೆ ಹೋಗುತ್ತಿದ್ದಾರೆ, ದೊಡ್ಡ ಆಸ್ಪತ್ರೆ ಸೇರುತ್ತಿದ್ದಾರೆ ಎಂದು ಮೆಟ್ಟಿಲ ಮೇಲೆ ಮಾತಾಡಿಕೊಳ್ಳುತ್ತಿದ್ದೀರಿ. ನನಗೆ ಅವರು ಕಾರಣ ಹೇಳಿದ್ದಾರೆ. ಡಾಕ್ಟರ್ ಅಶ್ವಿತಾ, ಹೇಳಲಾ? — ಬೇಡ ಅಂದರೆ ಬಿಡುತ್ತೇನೆ. — ಹೇಳು ಅನ್ನುತ್ತಿದ್ದಾರೆ.

ಅವರು ಎಲ್ಲಿಗೂ ಹೋಗುತ್ತಿಲ್ಲ. ತಾಂಬರಂನಲ್ಲಿ ತಮ್ಮ ಅಮ್ಮನ ಮನೆಗೆ ಹೋಗಿ ಮಲಗುತ್ತಾರಂತೆ. ಹೋದ ವಾರ ನನಗೆ ಅಂದರು, "ಪೇಷಂಟ್ ಬಂದು ಕೂತ್ರೆ ಮುಖ ಕಾಣಲ್ಲ ಕಣೋ, ನಂಬರ್ ಕಾಣುತ್ತೆ. ಮನೆಗೆ ಹೋಗಿ ಅಳ್ತೀನಿ, ಅದಕ್ಕೇ ಡಾಕ್ಟರಮ್ಮನ ಕಾಯಿಲೆ ನನಗಿಲ್ಲ ಅಂತ ಗೊತ್ತು. ಅಳು ನಿಲ್ಲೋಕೆ ಮುಂಚೆ ನಾನು ನಿಲ್ಲಿಸ್ಬೇಕು."

ಸ್ನೇಹಿತರೇ, ಬರ್ನ್ಔಟ್ ನಮ್ಮ ಕ್ಲಿನಿಕ್ಕಿನಲ್ಲಿ ಇತ್ತು. ನಾವು ಸರಿಯಾಗಿಯೇ ಹೇಳಿದ್ದೆವು. ಕೋಣೆ ಮಾತ್ರ ತಪ್ಪಾಗಿತ್ತು. ವಿಶ್ರಾಂತಿಯಿಂದ ವಾಸಿಯಾಗದವರಿಗೆ ವಿಶ್ರಾಂತಿ ಕೊಟ್ಟೆವು. ವಿಶ್ರಾಂತಿಯಿಂದ ವಾಸಿಯಾಗುತ್ತಿದ್ದವರ ಕಡೆಗೆ ಬೆಂಚು ಎಳೆದೆವು. ದಣಿವಿನ ಮೇಲೆ ವರ್ಕ್‌ಶಾಪ್ ಮಾಡಿದೆವು, ದಣಿದವರೊಬ್ಬರನ್ನು ಬಿಟ್ಟು ಎಲ್ಲರನ್ನೂ ಕರೆದೆವು. ಶಾಲು ಹೊದಿಸಿದೆವು, ಫೋಟೋ ತೆಗೆದೆವು. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಅಶ್ವಿತಾ ಇಬ್ಬರ ಕೆಲಸ ಮಾಡಿದರು. ಅವರಿಗೆ ನಾವು ಕೊಟ್ಟದ್ದು ಒಂದೇ ಮಾತು — ಡಾಕ್ಟರಮ್ಮ ಒಂದು ದಿನವೂ ರಜೆ ಕೇಳಲಿಲ್ಲ, ಗೊತ್ತಾ?

ನಾನು ಈ ಮೈಕಿನಲ್ಲಿ ಹೋಗಬೇಡಿ ಎಂದರೆ ಅವರು ಇರುತ್ತಾರೆ. ಖಂಡಿತ ಇರುತ್ತಾರೆ. ಅವರ ಸ್ವಭಾವ ಅದು, ಆ ಫೋಟೋದಲ್ಲಿರುವವರೇ ಕಲಿಸಿದ್ದು. ಮತ್ತೆ, ಅವರು ಇರಬೇಕೆಂದು ನನಗೂ ಆಸೆ ಇದೆ — ಯಾಕೆಂದರೆ ಅವರು ಹೋದರೆ ನಾನು ಯಾರನ್ನು ನೋಡಿ ಕರುಬಲಿ? ಇಡೀ ಸಭೆ ಒಬ್ಬರನ್ನು ಇರು ಇರು ಎನ್ನುವುದನ್ನು ನೋಡಿದರೆ ನನ್ನ ಎದೆ ಉರಿಯುತ್ತದೆ. ನಾನು ನಾಳೆ ಲ್ಯಾಬ್ ಬಿಟ್ಟರೆ ನನ್ನ ಪಿಪೆಟ್‌ಗಳನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ಇನ್ನೊಬ್ಬರು ತೆಗೆದುಕೊಂಡಿರುತ್ತಾರೆ. ಅವರ ದಣಿವಿನ ಮೇಲೂ ನನಗೆ ಹೊಟ್ಟೆಕಿಚ್ಚು. ಅದು ಡಾಕ್ಟರಮ್ಮನ ಕೆಲಸದ ದಣಿವು. ನನಗೆ ಯಾರೂ ಅದನ್ನು ಕೊಡಲಿಲ್ಲ.

ಆದರೂ ಮಾಮಾ — ನಾನು ಕೇಳುವುದಿಲ್ಲ.

ಗೊತ್ತು, ಗೊತ್ತು. ಕ್ಲಿನಿಕ್ ಏನಾಗಬೇಕು, ಸಂತೆಯವರು ಎಲ್ಲಿಗೆ ಹೋಗಬೇಕು — ಮಾಮಾ, ಅದು ನೀವು ನಾವು ಕೂತು ಯೋಚಿಸಬೇಕಾದ ವಿಷಯ. ಒಬ್ಬರ ಬದಲು ಇಬ್ಬರನ್ನು ಹುಡುಕೋಣ. ಸಿಗುವ ತನಕ ವಾರದಲ್ಲಿ ಕೆಲವೇ ದಿನ ಬಾಗಿಲು ತೆರೆಯೋಣ. ಉಳಿದ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂದು ನಾನೇ ಬಾಗಿಲಲ್ಲಿ ನಿಂತು ಹೇಳುತ್ತೇನೆ, ಬೈಗುಳ ತಿನ್ನುತ್ತೇನೆ. ಬೈಗುಳದಲ್ಲಾದರೂ ಮೊದಲನೆಯವನಾಗುತ್ತೇನೆ. ಅಶ್ವಿತಾ ಅವರು ಆರು ತಿಂಗಳಿಗೆ ಬರಲಿ, ಎರಡು ವರ್ಷಕ್ಕೆ ಬರಲಿ, ಬಾರದೆ ಇರಲಿ. ಅವರನ್ನು ಯಾವಾಗ ಬರ್ತೀರಿ ಎಂದು ಯಾರೂ ಕೇಳಬಾರದು. ಇದೊಂದನ್ನು ಡಾಕ್ಟರಮ್ಮನ ಫೋಟೋ ಮುಂದೆ ನಾನು ನಿಮ್ಮನ್ನು ಕೇಳುತ್ತೇನೆ. ಸಭೆಯಲ್ಲಿ ಆಗಲ್ಲ ಅನ್ನೋಕಾಗಲ್ಲ — ಅಲ್ವಾ ಮಾಮಾ?

ಮುಗಿಸುತ್ತಿದ್ದೇನೆ.

ಈ ಎತ್ತರದಿಂದ ನನಗೆ ಎಲ್ಲರ ಕೈಯೂ ಕಾಣುತ್ತಿದೆ. ಕೆಲವರ ಕೈಯಲ್ಲಿ ಹೂವಿದೆ. ಕೆಲವರ ಕೈಯಲ್ಲಿ ಪ್ಲಾಸ್ಟಿಕ್ ಕವರ್ — ಎಕ್ಸ್‌ರೇ, ಬ್ಲಡ್ ರಿಪೋರ್ಟ್. ಸಭೆ ಮುಗಿದ ಮೇಲೆ ಹಾಗೇ ಹಿಂದೆ ಹೋಗಿ, ಡಾಕ್ಟರ್ ಒಂದೇ ನಿಮಿಷ, ಎಂದು ತೋರಿಸೋಣ ಅಂತ ತಂದಿದ್ದೀರಿ. ತಪ್ಪಲ್ಲ. ಕಾಯಿಲೆ ಶ್ರದ್ಧಾಂಜಲಿಗೆ ರಜೆ ಕೊಡುವುದಿಲ್ಲ. ಆದರೆ ಇವತ್ತು ಆ ಕವರು ಕುರ್ಚಿಯ ಮೇಲೆ ಇಡಿ. ಹೂವನ್ನೂ ಇಡಿ. ನಾಳೆ ನನಗೆ ಕೊಡಿ, ಯಾರ ಹತ್ತಿರ ಹೋಗಬೇಕು ಎಂದು ವಿಚಾರಿಸಿ ಹೇಳುತ್ತೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಪ್ಪಾ, ನಿಧಾನ. ಕೃಷ್ಣರಾಜ ಮಾಮಾ, ಭಾವನಾ ಅಕ್ಕನ ಕೈ ಹಿಡಿದುಕೊಳ್ಳಿ. ಡಾಕ್ಟರ್ ಕೌಸಲ್ಯಾ ಅವರ ಹೆಸರಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಹೇಳದೆ, ಏನೂ ಕೇಳದೆ ನಿಲ್ಲೋಣ.

ಹಿಂದಿನ ಸಾಲಿನಲ್ಲಿ — ಡಾಕ್ಟರ್ ಅಶ್ವಿತಾ — ಬೇಡ. ನೀವು ಏಳಬೇಡಿ. ನಾವೆಲ್ಲ ನಿಂತಿರುತ್ತೇವೆ. ನೀವು ಕೂತಿರಿ.